ಹುತ್ರಿದುರ್ಗದಲ್ಲಿ ತೆಗೆದ ಲೈನು

ಸಂಜೆಯ ಪಡುವಣದಲ್ಲಿ ಆ ಧೂಮಕೇತು ಕಾಣುವುದು ಇನ್ನು ಎರಡೇ ದಿನ. ಅದರ ಚಿತ್ರ ತೆಗೆಯಲೇಬೇಕೆಂದು ಸುಮನಾ ಹುತ್ರಿದುರ್ಗ ಹತ್ತಿದ್ದಳು. ತುಮಕೂರಿನ ಕಾಲೇಜಿನಲ್ಲಿ ಭೌತವಿಜ್ಞಾನ ಹೇಳಿಕೊಡುವವಳು ಅವಳು. ಜೊತೆಗೆ ಲ್ಯಾಬ್ ಸಹಾಯಕ ಸಂಗಮೇಶ, ದಾರಿ ತೋರಿಸಲು ಕೆಳಗಿನ ಊರಿನ ನರಸಯ್ಯ. ಅವರು ಮೂವತ್ತು ವರ್ಷ ಲೈನ್‌ಮನ್ ಆಗಿದ್ದವರು.

ಕ್ಯಾಮೆರಾ ಎರವಲಿನದು. ಸೋಮವಾರ ಅದನ್ನು ಗುಬ್ಬಿಯ ಶಾಲೆಗೆ ಒಯ್ಯುವುದಾಗಿ ಮಕ್ಕಳಿಗೆ ಮಾತು ಕೊಟ್ಟಾಗಿತ್ತು. ಕೆಟ್ಟರೆ ಇನ್ನೊಂದು ಸಿಗುವುದಿಲ್ಲ. ಒಳಗಿನ ಸೆನ್ಸರನ್ನು ಮೈನಸ್ ಹತ್ತು ಡಿಗ್ರಿಗೆ ತಣಿಸಿದರೆ ಚಿತ್ರ ಚೊಕ್ಕಟವಾಗಿ ಬರುತ್ತದೆ. ಆದರೆ ಆರಿಸುವ ಮೊದಲು ನಿಧಾನವಾಗಿ ಬೆಚ್ಚಗಾಗಿಸಬೇಕು. ದಿಢೀರನೆ ಆರಿಸಿದರೆ ತೇವ ಕೂರಬಹುದು, ಸೆನ್ಸರ್ ಬಿರಿಯಲೂಬಹುದು. ಇದನ್ನು ಅವಳು ಸಂಗಮೇಶನಿಗೆ ಮೂರು ಸಲ ಹೇಳಿದ್ದಳು.

ಹೊತ್ತು ಮುಳುಗಿತು. ಕೆಳಗೆ ತೆಂಗಿನ ತೋಟಗಳು ಕಪ್ಪಾದವು, ರಾಗಿ ಹೊಲಗಳಾಚೆ ಒಂದೊಂದೇ ದೀಪ ಹತ್ತಿತು. ಕೆಂಪು ಇಳಿದ ಆಕಾಶದಲ್ಲಿ ಧೂಮಕೇತು ಮಸುಕಾಗಿ ಬಾಲ ಬಿಚ್ಚಿಕೊಂಡಿತು. ಆ ಸೊಬಗಿನಲ್ಲಿ ಬೆನ್ನ ಹಿಂದೆ ಏರುತ್ತಿದ್ದ ಮೋಡವನ್ನು ಯಾರೂ ನೋಡಲಿಲ್ಲ.

ಹನ್ನೊಂದು ಚಿತ್ರ ಆಗಿತ್ತು. ಗುಡುಗಿತು.

ನರಸಯ್ಯ ಒಂದೇ ನೆಗೆತಕ್ಕೆ ಬಂದು ಬ್ಯಾಟರಿಯ ವೈರು ಕಿತ್ತರು.

"ಅಯ್ಯೋ, ಏನ್ಮಾಡ್ಬಿಟ್ರಿ!"

"ಗುಡುಗ್ತಾ ಐತೆ ಮೇಡಂ! ಮೊದ್ಲು ಲೈನ್ ತೆಗೀಬೇಕು, ಕರೆಂಟ್ ನಿಲ್ಲಿಸ್ಬೇಕು. ಒಂದು ನಿಮಿಷ ತಡ ಮಾಡಿ ಜೊತೆಗಾರನ್ನೇ ಕಳ್ಕೊಂಡಿದೀನಿ ನಾನು."

ಸುಮನಾಳ ಸಿಟ್ಟು ನೆತ್ತಿಗೇರಿತು, ಅಷ್ಟೇ ಬೇಗ ಇಳಿಯಿತು. ದಾರಿ ತೋರಿಸುವವರಿಗೆ ಇದೆಲ್ಲ ಯಾಕೆಂದುಕೊಂಡು, ಬೆಚ್ಚಗಾಗಿಸುವ ಮಾತನ್ನು ನರಸಯ್ಯನಿಗೆ ಅವಳು ಒಂದು ಸಲವೂ ಹೇಳಿರಲಿಲ್ಲ. ನಾಚಿಕೆಯಾಯಿತು.

ವೈರು ಮತ್ತೆ ಚುಚ್ಚಿದಳು. ಲ್ಯಾಪ್‌ಟಾಪಿನಲ್ಲಿ ಮೈನಸ್ ಎರಡು. ನಿಮಿಷಕ್ಕೆ ಎರಡು ಡಿಗ್ರಿ ಏರುವಂತೆ ಒತ್ತಿದಳು. "ಇಪ್ಪತ್ತೆರಡು ಡಿಗ್ರಿ ಮುಟ್ಟೋಕೆ ಇನ್ನೂ ಹನ್ನೆರಡು ನಿಮಿಷ ಬೇಕು."

"ಇಲ್ಲೇ ನಿಂತ್ರೆ ಸಿಡ್ಲು ನಮ್ಮನ್ನ ಬುಡಲ್ಲ. ಕೆಳಗೆ ಕೋಟೆ ಬಾಗ್ಲೈತೆ, ನಡೀರಿ!"

ಸ್ಟ್ಯಾಂಡನ್ನು ಬಂಡೆಯ ಮೇಲೇ ಬಿಟ್ಟರು. ಸುಮನಾಳ ಎದೆಗೆ ಕ್ಯಾಮೆರಾ, ಸಂಗಮೇಶನ ಹೆಗಲಿಗೆ ಬ್ಯಾಟರಿ, ನರಸಯ್ಯನ ಕೈಯಲ್ಲಿ ಲ್ಯಾಪ್‌ಟಾಪ್. ನಡುವೆ ಮೊಳದುದ್ದದ ವೈರುಗಳು. ಒಬ್ಬರು ಎಡವಿದರೆ ಮೂವರಿಗೂ ಗತಿಯಿಲ್ಲ.

ಹನಿ ಬಿತ್ತು. ಕಲ್ಲು ಮೆಟ್ಟಿಲು ಜಾರತೊಡಗಿತು.

"ನಾಕು," ಎಂದರು ನರಸಯ್ಯ, ಪರದೆ ನೋಡುತ್ತ. "ಎಡಕ್ಕೆ ಕಾಲಿಡಿ. ಏಳು."

ಸಂಗಮೇಶ ಜಾರಿದ. ವೈರು ಬಿಗಿಯಿತು. ಸುಮನಾ ಕ್ಯಾಮೆರಾ ಬಿಡದೆ ಮೊಣಕಾಲೂರಿ ಅವನತ್ತ ಬಾಗಿದಳು, ವೈರು ಸಡಿಲವಾಯಿತು. ಮೊಣಕಾಲು ತರಚಿ ರಕ್ತ ಬಂತು.

"ಲೈನ್ ಐತಾ?" ಎಂದಳು.

"ಐತೆ. ಹನ್ನೊಂದು."

ಕೋಟೆ ಬಾಗಿಲೊಳಗೆ ನುಗ್ಗುವಷ್ಟರಲ್ಲಿ ಮಳೆ ಧೋ ಎಂದು ಸುರಿಯಿತು. ಮೂವರೂ ಅಂಟಿಕೊಂಡು ಕುಕ್ಕರಿಸಿದರು. ಹದಿನೆಂಟು. ಇಪ್ಪತ್ತು. ಇಪ್ಪತ್ತೆರಡಕ್ಕೆ ಅಂಕಿ ನಿಂತಿತು.

ಸಂಗಮೇಶ ವೈರಿಗೆ ಕೈ ಹಾಕಿದ. ಸುಮನಾ ತಡೆದಳು.

"ನರಸಯ್ಯನವರೇ, ಈಗ ನೀವೇ ಲೈನ್ ತೆಗೀರಿ."

ಅವರು ಎರಡು ಬೆರಳಲ್ಲಿ, ಬಲು ಮೆಲ್ಲಗೆ, ತೆಗೆದರು.

ಮರುದಿನ ಲ್ಯಾಬಿನಲ್ಲಿ ಕ್ಯಾಮೆರಾ ಮತ್ತೆ ಚಾಲೂ ಆಯಿತು. ತೇವದ ಕಲೆಯಿಲ್ಲ, ಬಿರುಕಿಲ್ಲ. ಅರವತ್ತು ಚಿತ್ರ ಬೇಕಿದ್ದಲ್ಲಿ ಹನ್ನೊಂದು; ಅದರಲ್ಲಿ ಒಂದು ಚೆನ್ನಾಗಿತ್ತು. ಸೋಮವಾರ ಗುಬ್ಬಿಯ ಶಾಲೆಯಲ್ಲಿ ಸುಮನಾ ಪೆಟ್ಟಿಗೆ ತೆರೆಯುವ ಮೊದಲು ಮಕ್ಕಳನ್ನೂ ಮೇಷ್ಟರನ್ನೂ ಕರೆದಳು; ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಆಯಾ ಗಂಗಾಂಬಿಕೆಯನ್ನೂ ಒಳಗೆ ಕರೆದು ಕೂರಿಸಿದಳು. ಕ್ಯಾಮೆರಾವನ್ನು ಯಾಕೆ ದಿಢೀರನೆ ಆರಿಸಬಾರದೆಂದು ಮೊದಲು ಎಲ್ಲರಿಗೂ ಹೇಳಿದಳು.