ನೀರು ಕುಡಿದ ಕಾರು

ಲಾರಿ ಅರವತ್ತರ ವೇಗದಲ್ಲಿ ಓಡುತ್ತಿತ್ತು.

ಲಾರಿಯ ಮೇಲೆ ಆರು ಕಾರು. ಎಲ್ಲ ಎಲೆಕ್ಟ್ರಿಕ್. ಎಲ್ಲ ಹೊಸವು... ಕಾಗದದ ಪ್ರಕಾರ.

ಕೆಳಗಿನ ಅಂತಸ್ತಿನ ಕೊನೆಯ ಕಾರಿನಲ್ಲಿ ನಾನಿದ್ದೆ. ಒಳಗೆ!

ಬಾಗಿಲು ತಳ್ಳಿದೆ. ನಾಲ್ಕು ಬೆರಳು ತೆರೆಯಿತು. ಠಣ್! ಲಾರಿಯ ಕಬ್ಬಿಣದ ಕಂಬ ಅಡ್ಡ. ಆ ಕಡೆಯದನ್ನು ತಳ್ಳಿದೆ. ಅಲ್ಲೂ ಕಂಬ. ನಾಲ್ಕು ಬೆರಳಿನ ಸಂದಿಯಲ್ಲಿ ನುಸುಳುವ ಮೈ ನನ್ನದಲ್ಲ. ಕಿಟಕಿ ಇಳಿಸಲು ಕೀ ಬೇಕು. ಕೀ ನನ್ನ ಬಳಿ ಇಲ್ಲ. ಹೆಡ್‌ರೆಸ್ಟ್ ಕಿತ್ತು ಹಿಂದಿನ ಗಾಜಿಗೆ ಬಡಿದೆ. ಸಿನಿಮಾದಲ್ಲಿ ಒಡೆಯುತ್ತದೆ. ಇಲ್ಲಿ ಒಡೆಯಲಿಲ್ಲ.

ಆಗ ಸೀಟಿನ ಕೆಳಗಿನಿಂದ ಸದ್ದು ಬಂತು.

ಸ್ಸ್ಸ್...

ಕುಕ್ಕರ್ ಕೂಗುವ ಮುಂಚೆ ಬರುತ್ತದಲ್ಲ, ಹಾಗೆ.

ಅದು ಬ್ಯಾಟರಿ. ಮುನ್ನೂರು ಕೆಜಿ. ನಾನು ಕೂತಿದ್ದದ್ದೇ ಅದರ ಮೇಲೆ!

ಅಲ್ಲಿಗೆ ಯಾಕೆ ಹೋಗಿ ಕೂತೆ ಅಂತ ತಾನೇ ನಿಮ್ಮ ಪ್ರಶ್ನೆ? ಹೇಳುತ್ತೇನೆ, ಕೇಳಿ.

ನನ್ನ ಹೆಸರು ಚೂಡಾಮಣಿ. ವಯಸ್ಸು ನಲವತ್ತೊಂದು. ಚನ್ನರಾಯಪಟ್ಟಣದ ಹೊರಗೆ, ಹೈವೇ ಪಕ್ಕದ ಯಾರ್ಡಿನಲ್ಲಿ ಕೆಲಸ. ಫ್ಯಾಕ್ಟರಿಯಿಂದ ಬಂದ ಕಾರುಗಳು ಗಿರಾಕಿಯ ಮನೆಗೆ ಹೊರಡುವವರೆಗೆ ನಮ್ಮಲ್ಲಿ ನಿಲ್ಲುತ್ತವೆ. ಹೊರಡುವ ಮುಂಚೆ ಒಂದೊಂದನ್ನೂ ನೋಡಿ ಸಹಿ ಹಾಕುವವಳು ನಾನು. ಗೀರು, ತಗ್ಗು, ಟೈರು, ಲೈಟು... ಎರಡು ಸಲ ನೋಡುತ್ತೇನೆ. ಮನೆಗೆ ಹೋಗಿ ಮಲಗಿದ ಮೇಲೆ ಮೂರನೇ ಸಲ ಮನಸ್ಸಿನಲ್ಲೇ ನೋಡುತ್ತೇನೆ. ಬದಲಾಯಿಸಿದ ಟೈರು ಹಿಡಿದಿದ್ದೇನೆ. ಪೇಂಟ್ ಮೆತ್ತಿದ ಡೋರು ಹಿಡಿದಿದ್ದೇನೆ. ಬೆನ್ನ ಹಿಂದೆ ಡ್ರೈವರ್‌ಗಳು ನನ್ನನ್ನು ‘ಭೂತಗನ್ನಡಿ’ ಅನ್ನುತ್ತಾರೆ. ನನಗೆ ಗೊತ್ತು.

ಆವತ್ತು ಗುರುವಾರ. ಹನ್ನೆರಡಕ್ಕೆ ಆರೂ ಕಾರಿಗೆ ಸಹಿ ಹಾಕಿದೆ. ಒಂದಕ್ಕೆ ಊಟದ ಡಬ್ಬಿ ಬಿಚ್ಚಿದೆ. ಮೊಸರನ್ನ.

ಎರಡನೇ ತುತ್ತಿಗೆ ಹಲ್ಲಿನಡಿ ಕಟಕ್ ಅಂದಿತು.

ಉಗಿದು ನೋಡಿದೆ. ಹಸಿ ಅಕ್ಕಿಕಾಳು. ಅರಿಸಿನದ ಬಣ್ಣ.

ಅಕ್ಷತೆ!

ನಾನು ಪುರೋಹಿತರ ಮಗಳು. ಅಕ್ಷತೆ ಯಾವುದು, ಅನ್ನ ಯಾವುದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಶರ್ಟಿನ ಮಡಿಸಿದ ತೋಳು ಕೊಡವಿದೆ. ಇನ್ನೆರಡು ಕಾಳು ಉದುರಿದವು. ಬೆಳಿಗ್ಗೆ ಆ ತೋಳು ಮೊಳಕೈವರೆಗೆ ಇಳಿದದ್ದು ಒಂದೇ ಕಡೆ. ಕೊನೆಯ ಕಾರಿನ ಡಿಕ್ಕಿಯ ಸಂದಿಗೆ.

ಫ್ಯಾಕ್ಟರಿಯವರು ಕಾರಿಗೆ ಅಕ್ಷತೆ ಹಾಕುವುದಿಲ್ಲ. ಹಾಕುವವರು ಕೊಂಡವರು. ಕಾರು ಕೈಗೆ ಬಂದ ದಿನ, ಚಕ್ರಕ್ಕೆ ನಿಂಬೆಹಣ್ಣು ಕೊಟ್ಟು, ಬಾನೆಟ್ಟಿಗೆ ಹೂವಿಟ್ಟು.

ಅಂದರೆ ಈ ಹೊಸ ಕಾರಿಗೆ ಆಗಲೇ ಒಂದು ಪೂಜೆ ಆಗಿತ್ತು!

ತಿಂಗಳ ಹಿಂದೆ ಇದೇ ಮಾಡೆಲ್ಲಿನ ಒಂದು ಕಾರು ಟಾರ್ಪಾಲು ಹೊದ್ದುಕೊಂಡು ಯಾರ್ಡಿಗೆ ಬಂದಿತ್ತು. ಕೊಂಡು ನಾಲ್ಕು ದಿನ ಆಗಿತ್ತಂತೆ. ಮಾಲೀಕ ಶೆಟ್ಟಿಹಳ್ಳಿಯಲ್ಲಿ ಹಿನ್ನೀರಿನ ಅಂಚಿಗೆ ಅದನ್ನು ನಿಲ್ಲಿಸಿ ಪಾಳು ಚರ್ಚಿನ ಮುಂದೆ ಸೆಲ್ಫಿ ತೆಗೆಯುತ್ತಿದ್ದ. ಕಾರು ಜಾರಿ ನೀರಿಗೆ ಇಳಿಯಿತು. ಒಂದು ಹಗಲು, ಒಂದು ರಾತ್ರಿ ಮುಳುಗಿತ್ತು. ‘ಗುಜರಿಗೆ ಕಳಿಸಿದೆ’ ಅಂದಿದ್ದ ನಮ್ಮ ಯಾರ್ಡ್ ಮ್ಯಾನೇಜರ್ ಶಶಿಕಿರಣ್.

ಕಳಿಸಿರಲಿಲ್ಲ. ತೊಳೆದಿದ್ದ! ಹೊಸ ಕಾರನ್ನು ಬೇರೆ ಎಲ್ಲಿಗೋ ದಾಟಿಸಿ, ಅದರ ಕಾಗದ, ಅದರ ನಂಬರನ್ನು ಈ ಮುಳುಗಿದ ಕಾರಿಗೆ ಹಚ್ಚಿದ್ದ.

ಕೆಳಗೆ ನನ್ನ ಸಹಿ.

ನೀರು ಕುಡಿದ ಬ್ಯಾಟರಿ ವಾರಗಟ್ಟಲೆ ಸುಮ್ಮನಿರುತ್ತದೆ. ಒಂದು ದಿನ ಒಳಗಿಂದ ಹೊತ್ತಿಕೊಳ್ಳುತ್ತದೆ. ನೀರು ಸುರಿದರೂ ಬೇಗ ಆರುವುದಿಲ್ಲ.

ಆ ಕಾರು ಹೊಳೆನರಸೀಪುರದ ಕಾಮಾಕ್ಷಮ್ಮ ಅನ್ನುವವರದು. ಫೋನ್ ಮಾಡಿದೆ.

“ಯಾರ್ಡಿಂದ ಮಾತಾಡ್ತಿರೋದಮ್ಮ.”

“ಓ! ಹೊಂಟ್ತಾ ಕಾರು? ಐದು ಗಂಟೆಗೆ ಒಳ್ಳೆ ಟೈಮೈತೆ. ಅಷ್ಟೊತ್ಗೆ ಬಂದ್ಬುಡ್ಬೇಕು!”

“ಚಾರ್ಜಿಂಗ್ ಪಾಯಿಂಟ್ ಎಲ್ಲಿ ಹಾಕಿಸಿದ್ದೀರಾ?”

“ಬಾಣಂತಿ ಕ್ವಾಣೆ ಗೋಡೆಗೇ ಕಣಮ್ಮ! ನಮ್ ಮಗಳು ಧನ್ಯಾ ಹೆತ್ತು ಹದಿನೆಂಟು ದಿನ. ಮಗು ರಾತ್ರಿಯೆಲ್ಲ ಮಲಗ್ಸಕ್ಕಿಲ್ಲ. ಹೆಂಗೂ ಎದ್ದೇ ಇರ್ತೀಯ, ಚಾರ್ಜಾಯ್ತಾ ಅಂತ ಕಿಟ್ಕೀಲಿ ನೋಡ್ಕೊ ಅಂದಿವ್ನಿ!”

ಅವರು ನಕ್ಕರು. ನಾನು ಊಟದ ಡಬ್ಬಿ ಮುಚ್ಚಿದೆ.

“ಏನ್ ತಾಯಿ, ಬತ್ತೈತಲ್ಲ ಕಾರು?”

“ಅಮ್ಮಾ... ನಾನು ಬರೋವರೆಗೆ ಪ್ಲಗ್ ಹಾಕ್ಬೇಡಿ. ಕಾರು ಮನೆ ಹತ್ರಾನೂ ನಿಲ್ಲಿಸ್ಬೇಡಿ.”

“ನೀನೇ ಬಂದು ಹಾಕ್ಕೊಡು. ಅದ್ಕೇನಂತೆ! ಪಾಯಸ ಮಾಡಿರ್ತೀನಿ.”

ಫೋನ್ ಇಟ್ಟೆ. ಮೂರು ಅಕ್ಕಿಕಾಳು ಹಿಡಿದುಕೊಂಡು ಯಾರ ಮೇಲೆ ದೂರು ಕೊಡುವುದು? ಒಂದು ವೇಳೆ ನನ್ನದೇ ತಪ್ಪು ತಿಳಿವಳಿಕೆ ಆಗಿದ್ದರೆ? ಇದು ನನ್ನ ಹಳೆಯ ರೋಗ.

ಪುರಾವೆ ಬೇಕಿತ್ತು.

ಲಾರಿ ಗೇಟಿನ ಹೊರಗೆ, ಹೊಂಗೆ ಮರದ ಕೆಳಗೆ ನಿಂತಿತ್ತು. ಗುರುವಾರ ಒಂದೂವರೆಯಿಂದ ಮೂರು ರಾಹುಕಾಲ. ಡ್ರೈವರ್ ಪಾಲಾಕ್ಷ ದುದ್ದದ ಕಡೆಯವನು. ರಾಹುಕಾಲದಲ್ಲಿ ಗೇಟು ದಾಟುವವನಲ್ಲ. ಹಿಂದಿನವರು ಒಳ್ಳೆಯ ಹೊತ್ತಿನಲ್ಲಿ ಗಂಟನ್ನು ಪಕ್ಕದ ಮನೆಯಲ್ಲಿಟ್ಟು ಪರಸ್ಥಾನ ಮಾಡುತ್ತಿದ್ದರಲ್ಲ, ಆಮೇಲೆ ಯಾವಾಗ ಹೊರಟರೂ ದೋಷವಿಲ್ಲ ಅಂತ? ಇವನು ಇಡೀ ಲಾರಿಯನ್ನೇ ಪರಸ್ಥಾನ ಇಡುತ್ತಾನೆ! ಒಂದೂಕಾಲಿಗೆ ಗೇಟು ದಾಟಿಸಿ ನಿಲ್ಲಿಸಿ, ಮೆಸ್ಸಿಗೆ ಹೋಗಿ ಮುದ್ದೆ ಉಂಡು ಮಲಗುತ್ತಾನೆ. ಮೂರಕ್ಕೆ ಹೊರಡುತ್ತಾನೆ. ಯಾರ್ಡಿನವರ ಪಾಲಿಗೆ ಆ ಲಾರಿ ಹೋಗಿದೆ. ಪಾಲಾಕ್ಷನ ಪಾಲಿಗೆ ಇನ್ನೂ ಹೊರಟಿಲ್ಲ. ನಡುವಿನ ಒಂದೂಮುಕ್ಕಾಲು ಗಂಟೆ ಅದನ್ನು ಕಾಯುವವರೇ ಇಲ್ಲ.

ಯಾರ್ಡಿನಲ್ಲಿ ಕೈ ತುಂಬ ಕೆಲಸ. ಬಿಡುವು ಸಿಕ್ಕಾಗ ಎರಡೂಮುಕ್ಕಾಲು. ಹಿಂದಿನ ಹಲಗೆ ಹತ್ತಿ ಡಿಕ್ಕಿಯಿಂದ ಒಳಗೆ ತೂರಿದೆ. ಸೀಟಿನ ಕೆಳಗಿನ ಕಾರ್ಪೆಟ್ ಕಿತ್ತೆ.

ಒಣಗಿದ ಕೆಸರು. ಪಾಚಿ. ಒಂದು ಬಸವನಹುಳುವಿನ ಚಿಪ್ಪು!

ಫೋಟೋ ತೆಗೆದೆ. ಒಂದು, ಎರಡು, ಮೂರು...

ಧಡ್! ಡಿಕ್ಕಿ ಮುಚ್ಚಿಕೊಂಡಿತು. ಒಳಗಿನಿಂದ ಅದು ತೆರೆಯುವುದಿಲ್ಲ.

ಗಾಜಿನಾಚೆ ಶಶಿಕಿರಣ್. ಇಸ್ತ್ರಿ ಮಾಡಿದ ಶರ್ಟು. ತಣ್ಣಗಿನ ನಗು.

“ಚೆನ್ನಾಗಿ ಚೆಕ್ ಮಾಡ್ಕೊಂಡ್ ಬನ್ನಿ ಮೇಡಂ!”

ಆಮೇಲೆ ಮುಂದಕ್ಕೆ ಹೋಗಿ ಕೂಗಿದ್ದು ಕೇಳಿತು. “ಪಾಲಾಕ್ಷಾ! ಮೂರಾಯ್ತು, ಹೊರಡು! ಎಲ್ಲೂ ನಿಲ್ಲಿಸ್ಬೇಡ. ನಾನು ಹಿಂದೆ ಬರ್ತೀನಿ!”

ಹೀಗೆ ನಾನು ಬ್ಯಾಟರಿಯ ಮೇಲೆ ಕೂತೆ. ಗೊತ್ತಾಯಿತಲ್ಲ?

ಸ್ಸ್ಸ್...

ಸಿಹಿ ಸಿಹಿ ವಾಸನೆ. ನೇಲ್ ಪಾಲಿಷ್ ಬಾಟಲಿ ಒಡೆದ ಹಾಗೆ. ಕಾಲಡಿ ಬಿಸಿ. ಫೋಟೋಗಳನ್ನು ಹೆಡ್ ಆಫೀಸಿಗೆ ಕಳಿಸಿದೆ. ಸಿಗ್ನಲ್ ಒಂದೇ ಕಡ್ಡಿ. ಸುತ್ತುತ್ತಲೇ ಇತ್ತು.

ಪಾಲಾಕ್ಷನಿಗೆ ಫೋನ್ ಮಾಡಿದೆ.

“ಪಾಲಾಕ್ಷಣ್ಣ! ನಾನು ಚೂಡಾಮಣಿ!”

“ಓ, ಭೂತ... ಮೇಡಮ್ಮೋರಾ! ಏನ್ ಸಮಾಚಾರ?”

“ನಿನ್ನ ಲಾರೀಲೇ ಇದ್ದೀನಿ. ಕೊನೇ ಕಾರಿನೊಳಗೆ!”



“ಟಿಕೆಟ್ ತಗಂಡಿದ್ದೀರಾ?”

“ತಮಾಷೆ ಅಲ್ಲ! ಬ್ಯಾಟರಿ ಹೊತ್ಕೊಳ್ತಿದೆ. ಕನ್ನಡೀಲಿ ನೋಡು!”

“ಅಯ್ಯಯ್ಯೋ... ಒಗೆ! ಒಗೆ ಬತ್ತಾ ಅದೆ ಕಣವ್ವೋ! ತಡೀರಿ, ಮುಂದೆ ಪೆಟ್ರೋಲ್ ಬಂಕ್ ಅದೆ. ಮರಳು ಬಕೀಟು ಇರ್ತವೆ. ಅಲ್ಲೇ ಆಕ್ತೀನಿ!”

“ಪೆಟ್ರೋಲ್ ಬಂಕಿಗಾ? ಬೆಂಕಿ ತಗೊಂಡು?”

“ಓ... ಔದಲ್ವಾ!”

ಬಂಕ್ ಹಿಂದೆ ಸರಿಯಿತು. ಫೋನ್ ಕುಯ್‌ಗುಟ್ಟಿತು. ಶಶಿಕಿರಣ್. ಹಿಂದೆ ದೂರದಲ್ಲಿ ಅವನ ಬಿಳಿ ಜೀಪು ಕಾಣುತ್ತಿತ್ತು.

“ಮೇಡಂ, ಊರಾಚೆ ಲಾರಿ ನಿಲ್ಲಿಸೋಕೆ ಹೇಳ್ತೀನಿ. ಫೋಟೋ ಡಿಲೀಟ್ ಮಾಡಿ, ಫೋನ್ ನನ್ ಕೈಗೆ ಕೊಡಿ. ಮ್ಯಾಟರ್ ಕ್ಲೋಸ್.”

“ಕಾರು ಹೊತ್ಕೊಳ್ತಿದೆ ಶಶಿಕಿರಣ್!”

“ನಾನ್ಸೆನ್ಸ್. ತಿಂಗಳಿಂದ ಏನೂ ಆಗಿಲ್ಲ. ನಿನ್ನೆ ಫುಲ್ ಚಾರ್ಜ್ ಮಾಡ್ಸಿದೀನಿ, ಬೆಣ್ಣೆ ಥರ ಓಡ್ತು.”

ನೀರು ಕುಡಿದದ್ದಕ್ಕೆ ಕುತ್ತಿಗೆವರೆಗೆ ಕರೆಂಟು ಕುಡಿಸಿದ್ದ!

“ಹಿಂದೆ ಬಾ. ಹತ್ತಿರ ಬಂದು ನೋಡು.”

“ನೋಡೋದೇನಿದೆ? ಸಹಿ ಯಾರದು? ನಿಮ್ದು. ನಾಳೆ ಕೇಸಾದ್ರೆ ಒಳಗೆ ಯಾರು? ನೀವು. ಯೋಚ್ನೆ ಮಾಡಿ.”

“ಫೋಟೋ ಆಗಲೇ ಹೋಯ್ತು.”

ಸುಳ್ಳು. ಇನ್ನೂ ಸುತ್ತುತ್ತಿತ್ತು.

ಅವನು ಬೈದದ್ದನ್ನು ನಿಮ್ಮ ಮುಂದೆ ಹೇಳುವುದಿಲ್ಲ. ಕರೆ ಕತ್ತರಿಸಿದೆ. ಕೆಮ್ಮು. ಬಾಗಿಲ ಸಂದಿಗೆ ಮೂಗಿಟ್ಟು ಗಾಳಿ ಎಳೆದುಕೊಂಡೆ. ಹೊಗೆ ಬೂದಿ ಬಣ್ಣಕ್ಕೆ ತಿರುಗಿತ್ತು.

“ಪಾಲಾಕ್ಷಣ್ಣ, ಇಲ್ಲೇ ನಿಲ್ಸು!”

“ಇಲ್ಲಿ ಎಂಗವ್ವಾ? ಇಸ್ಕೂಲ್ ಬಿಟ್ಟವ್ರೆ! ರೋಡ್ ತುಂಬ ಮಕ್ಳು!”

ಸಂದಿಯಲ್ಲಿ ಕಂಡಿತು. ನೀಲಿ ಲಂಗ, ಬೆನ್ನಿಗೆ ಚೀಲ. ಒಬ್ಬಳು ನಮ್ಮ ಹೊಗೆ ನೋಡಿ ಟಾಟಾ ಮಾಡಿದಳು. ಪಾಲಾಕ್ಷ ಹಾರನ್ ಒತ್ತಿ ಹಿಡಿದ. ಕೈ ಎತ್ತಲೇ ಇಲ್ಲ.

“ಎರಡು ಮೈಲಿ ತಡ್ಕ ತಾಯಿ! ಕೆರೆ ಅದೆ. ನೀರಿಲ್ಲ, ಮನೆ ಇಲ್ಲ, ದನವೂ ಇರಕಿಲ್ಲ. ತಡ್ಕ!”

ತಡೆದುಕೊಂಡೆ. ಕಾಲು ಸೀಟಿನ ಮೇಲೆ ಮಡಚಿ, ಯಾವ ದೇವರನ್ನು ಕರೆದೆನೋ ನೆನಪಿಲ್ಲ.

ಲಾರಿ ಎಡಕ್ಕೆ ವಾಲಿತು. ಕುಲುಕಿತು. ಏರಿ ಇಳಿಯಿತು. ನಿಂತಿತು.

ಪಾಲಾಕ್ಷ ಓಡಿಬಂದ. ಹಲಗೆ ಇಳಿಸಿದ. ಚಕ್ರಕ್ಕೆ ಬಿಗಿದ ಬೆಲ್ಟುಗಳನ್ನು ಸಡಿಲಿಸುತ್ತ ಹೋದ. ಒಂದು. ಎರಡು. ಮೂರು. ನಾಲ್ಕನೆಯದು ಸಿಕ್ಕಿಕೊಂಡಿತು. ಕುಡುಗೋಲು ತಂದು ಕುಯ್ದ. ಡಿಕ್ಕಿ ತೆರೆದ.

“ಇಳಿ ತಾಯಿ! ಓಡು!”

ಗಾಳಿ ಬಂತು. ಹೊರಗೆ ಬಯಲು ಕಾಣಿಸಿತು. ಒಂದು ನೆಗೆತ ಸಾಕಿತ್ತು.

ಮೇಲೆ ಮೂರು ಕಾರು. ಮುಂದೆ ಎರಡು. ಅವುಗಳ ಕೆಳಗೆ ಪಾಲಾಕ್ಷನ ಲಾರಿ. ಇದೊಂದು ಹೊತ್ತಿದರೆ ಸಾಲಾಗಿ ಎಲ್ಲ ಹೊತ್ತುತ್ತವೆ. ನಾನು ಧೈರ್ಯವಂತೆ ಅಲ್ಲ. ಜಿರಳೆ ಕಂಡರೆ ಮಂಚ ಹತ್ತುತ್ತೇನೆ. ಆದರೆ ಇದನ್ನು ಗೇಟಿನಿಂದ ಆಚೆ ಬಿಟ್ಟವಳು ನಾನೇ.

“ಕೀ ಕೊಡು.”

“ಏನಂದೆ?”

“ಕೀ ಕೊಡು ಪಾಲಾಕ್ಷಣ್ಣ!”

“ತಲೆ ಕೆಟ್ಟದಾ ನಿಂಗೆ!” ಅಂದ. ಅಂದರೂ ಎಸೆದು ಡಿಕ್ಕಿ ಮುಚ್ಚಿದ.

ಮುಂದಿನ ಸೀಟಿಗೆ ದಾಟಿ ಸ್ಟಾರ್ಟ್ ಒತ್ತಿದೆ. ಪರದೆ ತುಂಬ ಕೆಂಪು ದೀಪ. ರಿವರ್ಸ್. ಹಿಂದಿನ ಕ್ಯಾಮೆರಾ ಬೆಳಗಿತು.

ಕ್ಯಾಮೆರಾದಲ್ಲಿ ಜೀಪು! ಹಲಗೆಯ ಬುಡಕ್ಕೆ ಅಡ್ಡ ನಿಲ್ಲಿಸಿದ್ದ. ಪಕ್ಕದಲ್ಲಿ ಶಶಿಕಿರಣ್. ಕೈ ಎತ್ತಿ ಕೂಗುತ್ತಿದ್ದ.

“ಫೋನ್ ಎಸಿ! ಆಮೇಲೆ ಜೀಪ್ ತೆಗೀತೀನಿ!”

ಬೀಪ್... ಬೀಪ್... ಅಂತು ಕಾರು. ಹಿಂದೆ ವಸ್ತು ಇದೆ, ಜೋಪಾನ ಅಂತ.

ಇಪ್ಪತ್ತು ವರ್ಷದಿಂದ ಜೋಪಾನವಾಗಿಯೇ ಬದುಕಿದ್ದೇನೆ. ಸಾಕಾಗಿತ್ತು.

ಒತ್ತಿದೆ.

ಎಲೆಕ್ಟ್ರಿಕ್ ಕಾರು ಸದ್ದು ಮಾಡುವುದಿಲ್ಲ. ನುಗ್ಗುತ್ತದೆ. ಧಡಾರ್! ಶಶಿಕಿರಣ್ ಪಕ್ಕಕ್ಕೆ ಹಾರಿದ. ಜೀಪು ಗಿರಕಿ ಹೊಡೆದು ಮಗುಚಿಕೊಂಡಿತು. ನಾನು ಸ್ಟಿಯರಿಂಗ್ ತಿರುಗಿಸಿ ಕೆರೆಯ ಬಯಲಿಗೆ ಬಿಟ್ಟೆ. ನೂರು ಮಾರು. ಇನ್ನೂರು. ಕಾಲಡಿಯಲ್ಲಿ ಪಟಪಟ ಅಂತ ಜೋಳ ಸಿಡಿದ ಹಾಗೆ ಸದ್ದು. ಬಾಗಿಲು ಪೂರ್ತಿ ತೆರೆಯಿತು. ಇಲ್ಲಿ ಕಂಬ ಇರಲಿಲ್ಲ.

ಬಿದ್ದೆ. ಎದ್ದೆ. ಓಡಿದೆ.

ಭಗ್!

ತಿರುಗಿ ನೋಡಿದಾಗ ಮನೆಯೆತ್ತರ ಬೆಂಕಿ. ಎಡಗೈ ಸುಟ್ಟು ಬೊಬ್ಬೆ ಎದ್ದಿತ್ತು. ಕೈಯಲ್ಲಿ ಫೋನ್ ಇತ್ತು. ಟಿಂಗ್ ಅಂದಿತು.

ಫೋಟೋ ಹೋಗಿತ್ತು.

ಅಗ್ನಿಶಾಮಕದವರು ಬಂದರು. ಪೊಲೀಸರು ಬಂದರು. ಶಶಿಕಿರಣ್ ಮಣ್ಣು ಕೊಡವಿಕೊಂಡು ಮೊದಲು ಬಾಯಿ ತೆರೆದ.

“ಸರ್, ಕಾರು ಪಾಸ್ ಮಾಡಿದ್ದು ಇವ್ರು. ಓಡಿಸ್ಕೊಂಡ್ ಹೋಗಿದ್ದೂ ಇವ್ರೇ!”

“ಔದು,” ಅಂದ ಪಾಲಾಕ್ಷ. ನನ್ನ ಜೀವ ಹಾರಿತು. “ಅದೇ ಕಾರ್ನ ಶೆಟ್ಟಿಹಳ್ಳಿ ನೀರಿಂದ ಎತ್ಕಂಡು ಬಂದೋನು ನಾನು ಸಾ. ಗುಜರಿಗೆ ಓಯ್ತದೆ ಅಂತ ಏಳಿ ಇಳಿಸ್ಕಂಡೋರು ಈ ಮ್ಯಾನೇಜರ್ರು. ಡಿಕ್ಕೀಲಿ ಪೂಜೆ ಅಕ್ಷತೆ ಚೆಲ್ಲಾಡಿತ್ತು. ಇದು ಅದೇ ಅಂತ ನಂಗೂ ಈಗ್ಲೇ ಗೊತ್ತಾಗಿದ್ದು. ಬರ್ಕಳಿ. ನಾನು ಸೈನ್ ಆಕ್ತೀನಿ.”

ಇನ್‌ಸ್ಪೆಕ್ಟರ್ ನನ್ನ ಕಡೆ ತಿರುಗಿದರು. “ನೀವು ಈ ಕಾರಿಗೆ ಸಹಿ ಹಾಕಿದ್ದು ನಿಜಾನಾ ಮೇಡಂ? ಕೆಲಸ ಹೋಗಬಹುದು. ಯೋಚನೆ ಮಾಡಿ ಹೇಳಿ.”

“ನಿಜ. ನಾನೇ ಹಾಕಿದ್ದು.”

ಯೋಚನೆ ಮಾಡಿದ್ದರೆ ಹೇಳುತ್ತಿರಲಿಲ್ಲವೇನೋ!

ಶಶಿಕಿರಣನನ್ನು ಜೀಪು ಹತ್ತಿಸಿದರು. ಅವನದಲ್ಲ, ಪೊಲೀಸರದು.

ಐದು ಗಂಟೆಗೆ ಒಂದು ಆಟೋ ಬಂದು ಏರಿಯ ಮೇಲೆ ನಿಂತಿತು. ರೇಷ್ಮೆ ಸೀರೆ ಉಟ್ಟ ಹೆಂಗಸು ಇಳಿದು ಬಂದರು. ಅರವತ್ತರ ಹತ್ತಿರ. ಕಾಮಾಕ್ಷಮ್ಮ. ನಾನೇ ಫೋನ್ ಮಾಡಿ ಕರೆಸಿದ್ದೆ. ಎಲ್ಲ ಹೇಳಿದೆ. ಏನನ್ನೂ ಬಿಡದೆ.

ಅವರು ಕಾರಿನ ಕಡೆ ತಿರುಗಿದರು. ಅದು ಇನ್ನೂ ಹೊಗೆಯಾಡುತ್ತಿತ್ತು. ಉಳಿದದ್ದು ಎಲುಬು ಮಾತ್ರ.

“ಇದ್ನಾ ನಾನು ಆ ಗೋಡೆಗೆ ಕಟ್ಟಾಕ್ತಿದ್ದುದು?”

“ಹೌದಮ್ಮ. ನನ್ನಿಂದ ತಪ್ಪಾಯ್ತು.”

“ತಪ್ಪು ಮಾಡಿದ್ದೀಯ. ತಪ್ಪಿಸೂ ಇದ್ದೀಯ.” ನನ್ನ ಸುಟ್ಟ ಕೈ ಹಿಡಿದು ತಿರುಗಿಸಿ ನೋಡಿದರು. “ಇದ್ಕೇನಾದ್ರೂ ಅಚ್ಕೊಂಡ್ಯಾ?”

ಕೈ ಬಿಡಿಸಿಕೊಂಡೆ. ಜೇಬಿನಿಂದ ಡೆಲಿವರಿ ಫಾರಂ ತೆಗೆದೆ. ಏನು ಮಾಡಲಿ ಹೇಳಿ? ಕೆಲಸ ಇನ್ನೂ ಹೋಗಿರಲಿಲ್ಲ.

“ಗಾಡಿ ಬೇಡ ಅಂತ ಬರ್ಕೋಬೇಕು ಅಮ್ಮ. ಕಾರಣ ಅಂತ ಒಂದು ಕಾಲಂ ಇದೆ...”

ಕಾಮಾಕ್ಷಮ್ಮ ಆ ಕರಕಲನ್ನು ಇನ್ನೊಂದು ಸಲ ನೋಡಿದರು.

“ನಾನು ಬುಕ್ ಮಾಡಿದ್ದು ಬಿಳೀದು.”

ಬರೆದುಕೊಂಡೆ.

ಕಾರಣ: ಬಣ್ಣ.