ಆರಿಸದೆ ಬಿಟ್ಟ ಕಂಪ್ಯೂಟರ್

"ನನ್ನ ಫೈಲ್ ಅಳಿಸಿದ್ದು ನೀವೇ ಅಲ್ವಾ?"

ಇಡೀ ಕಚೇರಿ ತಿರುಗಿ ನೋಡಿತು. ಕೆಲಸಕ್ಕೆ ಸೇರಿದ ಎಂಟು ತಿಂಗಳಲ್ಲಿ ಅವಳ ದನಿ ಅಷ್ಟು ಜೋರಾಗಿ ಕೇಳಿಸಿದ್ದು ಅದೇ ಮೊದಲು!

"ಅಯ್ಯೋ, ಇವಳಿಗೂ ಬಾಯಿದೆ ಕಣ್ರೋ!" ಎಂದರು ಪಕ್ಕದ ಸೀಟಿನ ಅಕ್ಕ.

ಲಿನಕ್ಸ್ ತಂತ್ರಾಂಶದಲ್ಲಿ ನಡೆಯುವ ಅಲ್ಲಿನ ಕಂಪ್ಯೂಟರ್‌ಗಳನ್ನೆಲ್ಲ ನೋಡಿಕೊಳ್ಳುವವನನ್ನು ಅವಳು ಕೇಳಿದ್ದು. ಎಲ್ಲರ ಬಾಯಲ್ಲಿ 'ಮೌನಿ'. ಅವನು ಕೈಯಲ್ಲಿದ್ದ ಕೇಬಲ್ ಕೆಳಗಿಟ್ಟ.

"ಯಾವ ಫೈಲ್?"

"ಹಳೇ ಪತ್ರಗಳ ಪಟ್ಟಿ. ಆರು ತಿಂಗಳ ಕೆಲಸ! ಇವತ್ತು ನಾಲ್ಕು ಗಂಟೆಗೆ ಒಪ್ಪಿಸದಿದ್ರೆ ನನ್ನ ಕೆಲಸ ಖಾಯಂ ಆಗಲ್ಲ. ಅಮ್ಮನ ಆಪರೇಷನ್ ಅಂತ ಹನ್ನೆರಡು ದಿನ ರಜೆಯಲ್ಲಿದ್ದೆ. ಬಂದು ನೋಡಿದ್ರೆ ಫೋಲ್ಡರ್ ಖಾಲಿ... ದಿನಾ ನನ್ನ ಸೀಟಿನ ಹತ್ರ ಬರ್ತಿದ್ದವರು ನೀವೊಬ್ಬರೇ ಅಂತೆ!"

ಅವನ ಮುಖ ಕೆಂಪಾಯಿತು.

"ಎಲ್ಲಿ ಇಟ್ಟಿದ್ರಿ?"

"ಟೆಂಪ್ ಫೋಲ್ಡರ್‌ನಲ್ಲಿ... ಬೇರೆ ಜಾಗ ಕೇಳೋಕೆ ಸಂಕೋಚ ಆಯ್ತು."

"ಅಯ್ಯೋ! ಅದು ತಾತ್ಕಾಲಿಕ ಫೈಲ್‌ಗಳ ಜಾಗ ಕಣ್ರೀ. ಹತ್ತು ದಿನ ಯಾರೂ ಮುಟ್ಟದೇ ಇದ್ರೆ ಲಿನಕ್ಸ್ ತಾನೇ ಗುಡಿಸಿ ಹಾಕುತ್ತೆ."

ಅವಳು ಹಣೆ ಚಚ್ಚಿಕೊಂಡಳು. 'ತಪ್ಪು ನನ್ನದೇ... ಸುಮ್ಮನೆ ಇವರ ಮೇಲೆ ಹಾರಾಡಿದೆನಲ್ಲ!'

ರಜೆಗೆ ಹೋಗುವಾಗ ಅವಳು ಮುಚ್ಚಲು ಮರೆತಿದ್ದ ಪಟ್ಟಿಯ ಪ್ರೋಗ್ರಾಂ ಅವಳ ಕಂಪ್ಯೂಟರಿನ ಪರದೆಯ ಮೇಲೆ ಹಾಗೇ ಇತ್ತು. ಉಳಿಸಲು ಹೋದರೆ 'ಫೈಲ್ ಇಲ್ಲ' ಎನ್ನುತ್ತಿತ್ತು. ಅವಳು ಕಣ್ಣೊರೆಸಿಕೊಳ್ಳುತ್ತಾ ಸೀಟಿಗೆ ಮರಳಿ, ಅದನ್ನು ಮುಚ್ಚಲು ಮೌಸ್‌ಗೆ ಕೈ ಹಾಕಿದಳು.

"ಮುಚ್ಚಬೇಡಿ!"

ಓಡಿಬಂದು ಅವನು ಕೀಲಿಮಣೆ ಎಳೆದುಕೊಂಡ. "ಪ್ರೋಗ್ರಾಂ ಹಿಡ್ಕೊಂಡಿರೋ ತನಕ ಫೈಲಿನ ಹೆಸರು ಮಾತ್ರ ಹೋಗಿರುತ್ತೆ. ಒಳಗಿನದೆಲ್ಲಾ ಹಾಗೇ ಇರುತ್ತೆ."

ಅದನ್ನು ಹೊಸ ಹೆಸರಲ್ಲಿ ನಕಲಿಸಲು ಎರಡು ಸಾಲು ಟೈಪ್ ಮಾಡಿದ. ಒಂದು ನಿಮಿಷ ಕಳೆಯಿತು...

ಪಟ್ಟಿ ತೆರೆದುಕೊಂಡಿತು. ಒಂದು ಪತ್ರವೂ ತಪ್ಪಿಲ್ಲದೆ!

ಅವಳು ಬಗ್ಗಿ ಕೊನೆಯ ಸಾಲಿನವರೆಗೂ ನೋಡಿದಳು. ಅಳುವೋ ನಗುವೋ ತಿಳಿಯಲಿಲ್ಲ.

"ಆದ್ರೆ... ಶನಿವಾರ ಎಲ್ಲಾ ಕಂಪ್ಯೂಟರ್ ಆರಿಸ್ತಾರಲ್ಲ? ಇದೊಂದು ಹೇಗೆ ಉಳೀತು?"

"ನನ್ನನ್ನ ಕೇಳು," ಎಂದರು ಅಕ್ಕ. "ಆರಿಸೋಕೆ ಹೋದವರಿಗೆಲ್ಲಾ ಈ ಮಹಾರಾಯ ಅಡ್ಡ ನಿಲ್ತಿದ್ದ!"

ಅಕ್ಕ ಎದ್ದು ನೀರು ತರಲು ಹೋದರು. ಬೇಕೆಂದೇ.

ಅವನು ಪರದೆಯನ್ನೇ ನೋಡುತ್ತಾ ಹೇಳಿದ. "ನೀವು ವಾಪಸ್ ಬರಲ್ವೇನೋ ಅಂತ ಭಯ ಆಗ್ತಿತ್ತು. ಇದರ ಪುಟ್ಟ ದೀಪ ಉರೀತಿದ್ರೆ... ಬಂದೇ ಬರ್ತೀರಿ ಅನ್ಸೋದು. ದಿನಾ ಬಂದು ನೋಡ್ತಿದ್ದೆ. ಇಷ್ಟೇ ನಾನು ಮಾಡಿದ್ದು."

"ನಾನು ನಿಮ್ಮನ್ನ ಎಲ್ಲರೆದುರು ಬೈದುಬಿಟ್ಟೆ..."

"ಪರವಾಗಿಲ್ಲ. ಅಂತೂ ಮಾತಾಡಿದ್ರಲ್ಲ!"

ಅವಳು ತಲೆತಗ್ಗಿಸಿ ನಕ್ಕಳು.

"ನಾಳೆನೂ ಮಾತಾಡ್ತೀನಿ. ಬೈಯದೆ."

"ಖಂಡಿತಾ?"

"ಹ್ಞೂಂ... ಆದ್ರೆ ಇವತ್ತು ಈ ದೀಪ ನಾನೇ ಆರಿಸಿ ಹೋಗ್ತೀನಿ. ನಾಳೆ ಬರ್ತೀನಲ್ಲ!"