ನಿದ್ದೆಗೆಟ್ಟ ಕೆಂಡದ ಬೆಕ್ಕು

ಬಹಳ ಹಿಂದೆ, ಮೋಡಗಳು ಅಂಗಳಕ್ಕಿಳಿದು ಕೋಳಿಗಳ ಜೊತೆ ಓಡಾಡುತ್ತಿದ್ದ ಕಾಲದಲ್ಲಿ, ಹಿಮಗಾವಲು ಎಂಬ ರಾಜ್ಯವಿತ್ತು. ಅಲ್ಲಿ ವರ್ಷವಿಡೀ ಚಳಿ. ಅದಕ್ಕೇ ಪ್ರತಿ ಮನೆಯ ಒಲೆಯಲ್ಲೂ ಒಂದು ಕೆಂಡದ ಬೆಕ್ಕು ವಾಸವಾಗಿತ್ತು. ಸೌದೆ ಇಟ್ಟರೆ ಎದ್ದು ಮೈಮುರಿಯುತ್ತಿತ್ತು. ಅಡುಗೆ ಮುಗಿದ ಮೇಲೆ ಬೂದಿಯೊಳಗೆ ಸುರುಳಿಯಾಗಿ ಮಲಗುತ್ತಿತ್ತು. ಅದು ಮಲಗಿದಾಗಲೂ ಮನೆ ಬೆಚ್ಚಗಿರುತ್ತಿತ್ತು.

ಆ ರಾಜ್ಯದಲ್ಲೊಂದು ಪದ್ಧತಿ. ಮನೆಗೆ ಬಂದ ಅತಿಥಿ ತನ್ನ ಕೈಯಾರೆ ಒಲೆಗೆ ಒಂದು ಸೌದೆ ಇಡಬೇಕು. ಅದನ್ನು ಮನೆಯವರು ಹೊರಗೆಳೆಯುವಂತಿಲ್ಲ. ಎಳೆದರೆ ಬಂದವರನ್ನು ಕತ್ತು ಹಿಡಿದು ನೂಕಿದ ಹಾಗೆ. ಒಳ್ಳೆಯ ಜನ, ಪಾಪ. ಆ ಒಳ್ಳೆಯತನವೇ ಅವರಿಗೆ ಮುಳುವಾಯಿತು.

ಕಾಡಿನಾಚೆಯ ಗವಿಯಲ್ಲಿ ಕರಿಕೊರಡ ಎಂಬ ಮಾಂತ್ರಿಕನಿದ್ದ. ಅವನ ಮೈಯಲ್ಲಿ ಕಾವೇ ಇರಲಿಲ್ಲ. ಊರಿನ ಮನೆಗಳೆಲ್ಲ ಹೊತ್ತಿ ಉರಿಯಲಿ, ಆ ಕಾವೆಲ್ಲ ನನ್ನ ಗವಿ ಸೇರಲಿ ಎಂದು ಮಂತ್ರ ಹಾಕಿದ. ನಡುಗುವ ಮುದುಕನ ವೇಷ ತೊಟ್ಟು ಮನೆಮನೆಗೂ ಹೋದ. ಉಂಡ, ಹರಸಿದ, ಒಲೆಗೆ ಒಂದೊಂದು ಕಪ್ಪು ಸೌದೆ ಇಟ್ಟು ಬಂದ. ಆ ಸೌದೆ ಉರಿಯುತ್ತಿತ್ತು, ತೀರುತ್ತಿರಲಿಲ್ಲ.

ಬೆಕ್ಕುಗಳಿಗೆ ನಿದ್ದೆಯೇ ಇಲ್ಲದಾಯಿತು. ನಿದ್ದೆಗೆಟ್ಟು ಉರಿದು ಉರಿದು ಹುಲಿಗಳಾದವು. ಒಲೆಗಳು ಕೆಂಪಗಾದವು, ಮಾಡಿನ ತೊಲೆಗಳು ಹೊಗೆಯಾಡಿದವು.

ಸಂಕವ್ವ ಎಂಬ ಹೆಣ್ಣುಮಗಳ ಮನೆಯಲ್ಲಿ ಎಳೆಗೂಸು. ಗಂಡ ಗಡಿ ಕಾಯಲು ಹೋಗಿದ್ದ. ಹೊರಗೆ ಕರೆದೊಯ್ದರೆ ಕೂಸು ಹಿಮಕ್ಕೆ ಸೆಟೆದುಕೊಳ್ಳುತ್ತದೆ, ಒಳಗಿದ್ದರೆ ಬಾಡುತ್ತದೆ. ಆಗಲೇ ಅದು ಅಳುವುದನ್ನೂ ಬಿಟ್ಟಿತ್ತು.

ನೀರು ಸುರಿಯಿರಿ ಎಂದು ಅರಸ ಡಂಗುರ ಹೊಡೆಸಿದ. ಸಂಕವ್ವ ಕೊಡ ಎತ್ತಿ ಸುರಿದಳು. ಹುಲಿ ಬುಸ್ಸೆಂದು ಬಿಸಿ ಹಬೆ ಉಗುಳಿತು, ಒಲೆ ಬಿರುಕು ಬಿಟ್ಟಿತು, ಉರಿ ತಗ್ಗಲಿಲ್ಲ.

ಗಾಳಿ ಬಿಡಿ ಎಂದು ಮಂತ್ರಿ ಹೇಳಿ ಕಳಿಸಿದ. ಸಂಕವ್ವ ಬಾಗಿಲು ಕಿಟಕಿ ಎಲ್ಲ ತೆರೆದಳು. ಹುಲಿ ಗಾಳಿಯನ್ನು ಗಟಗಟ ಕುಡಿದು ಇನ್ನೊಂದು ಮೊಳ ಬೆಳೆಯಿತು. ಮಂತ್ರಿ ಹುಟ್ಟಿದಾಗಿನಿಂದ ಒಲೆಯ ಮುಂದೆ ಕೂತವನಲ್ಲ, ಅವನಿಗೇನು ಗೊತ್ತು.

ಮೂರನೆಯದಾಗಿ ಯಾರೂ ಏನೂ ಹೇಳಲಿಲ್ಲ. ಸಂಕವ್ವ ಕಪ್ಪು ಸೌದೆಯನ್ನೇ ನೋಡುತ್ತ ನಿಂತಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಪಕ್ಕದ ಮನೆಯ ಮಾಲಜ್ಜಿ ಓಡಿಬಂದು ಕೈ ಹಿಡಿದಳು.

"ಬೇಡ ಕಣೇ ಸಂಕವ್ವಾ, ಅದು ಅತಿಥಿ ಇಟ್ಟ ಕೊಳ್ಳಿ. ಎಳೆದರೆ ಇನ್ನು ಈ ಮನೆ ಹೊಸಿಲು ಯಾರೂ ತುಳಿಯೋದಿಲ್ಲ."

"ತುಳೀದಿದ್ದರೆ ಬೇಡ ಅಜ್ಜೀ. ಈ ಕೂಸೂ ನಮ್ಮನೆಗೆ ಬಂದ ಅತಿಥಿಯೇ ಅಲ್ಲವಾ? ಇದನ್ನೇ ಉಳಿಸಿಕೊಳ್ಳದವಳು ಇನ್ಯಾರನ್ನ ಕರೀಲಿ?"

ಮಾಲಜ್ಜಿ ಕೈ ಬಿಟ್ಟಳು. ಸಂಕವ್ವ ಒಲೆಯ ಮುಂದೆ ಕೂತು, ನಿನಗೂ ಸಾಕಾಗಿದೆ ಅಲ್ಲವಾ ಎಂದು ಹುಲಿಯನ್ನು ಮೆಲ್ಲಗೆ ಕೇಳಿದಳು. ಹುಲಿಯ ಕಣ್ಣು ನಿದ್ದೆಯಿಲ್ಲದೆ ಊದಿಕೊಂಡಿತ್ತು. ಅದು ಕಚ್ಚಿ ಹಿಡಿದಿದ್ದ ಕೊಳ್ಳಿಯನ್ನು ಬಿಟ್ಟು ಬಾಯಿ ತೆರೆಯಿತು. ಅವಳು ಕಿಡಿ ಹಾರದಂತೆ, ಸಾವಕಾಶವಾಗಿ ಕೊಳ್ಳಿಯನ್ನು ಹಿಂದಕ್ಕೆಳೆದು ಹಿಮಕ್ಕೆ ಎಸೆದಳು. ಒಲೆಯ ಗಾಳಿಕಿಂಡಿಗೆ ಹೆಂಚಿನ ಚೂರು ಮುಚ್ಚಿದಳು. ಕೆಂಡದ ಮೇಲೆ ಬೂದಿ ಎಳೆದಳು. ಹುಲಿ ನಾಯಿಯಷ್ಟಾಯಿತು, ನಾಯಿ ಬೆಕ್ಕಿನಷ್ಟಾಯಿತು, ಬೆಕ್ಕು ಆಕಳಿಸಿ ಮಲಗಿತು. ಸ್ವಲ್ಪ ಹೊತ್ತಿಗೆ ಕೂಸು ಹಾಲಿಗಾಗಿ ಜೋರಾಗಿ ಅತ್ತಿತು. ಸಂಕವ್ವನೂ ಅತ್ತಳು.

ಸುದ್ದಿ ಬಾಯಿಂದ ಬಾಯಿಗೆ ಹರಡಿ, ಊರವರೆಲ್ಲ ಕೊಳ್ಳಿ ಎಳೆದರು. ಕರಿಕೊರಡನ ಮಂತ್ರ ಮುರಿಯಿತು. ಅವನು ಸಿಟ್ಟಿನಿಂದ ಗವಿ ಬಿಟ್ಟು ಬಂದ. ಆದರೆ ಬರಬರುತ್ತ ಮಾಯೆಯೆಲ್ಲ ದಾರಿಯಲ್ಲೇ ಉದುರಿತು. ಸಂಕವ್ವನ ಹೊಸಿಲಿಗೆ ಬರುವಷ್ಟರಲ್ಲಿ ನಿಜವಾಗಿಯೂ ನಡುಗುವ ಮುದುಕನಾಗಿದ್ದ.

"ನನ್ನ ಸೌದೆ ಎಳೆದವರು ಯಾರು?" ಎಂದ.

"ನಾನೇ. ಅಡುಗೆ ಆಗಿತ್ತು," ಎಂದಳು ಸಂಕವ್ವ.

ಊರವರು ದೊಣ್ಣೆ ಎತ್ತಿ ಬಂದರು. ಸಂಕವ್ವ ಅವರನ್ನು ತಡೆದು, ಮುದುಕನಿಗೆ ಚಳಿಯಲ್ಲಿ ನಿಲ್ಲಬೇಡಿ ಎಂದು ಹೇಳಿ ಒಳಗೆ ಕರೆದು, ಕಂಬಳಿ ಹೊದಿಸಿ, ಒಲೆಯ ಹತ್ತಿರ ಕೂರಿಸಿದಳು. ಬೂದಿಯೊಳಗೆ ಮಲಗಿದ್ದ ಬೆಕ್ಕನ್ನು ನೋಡಿ ಮುದುಕ, ಇಷ್ಟೇ ಇಷ್ಟು ಬೆಂಕಿ ಸಾಕಾಗುತ್ತದಾ ಎಂದು ಕೇಳಿದ. ಸಂಕವ್ವನಿಗೆ ಗಂಜಿ ಬಡಿಸಬೇಕಿತ್ತು, ಕೈ ಖಾಲಿ ಇರಲಿಲ್ಲ. ಕೂಸನ್ನು ಅವನ ತೊಡೆಯ ಮೇಲೆ ಮಲಗಿಸಿದಳು. ನನಗಾದರೆ ಅಷ್ಟು ಧೈರ್ಯ ಬರುತ್ತಿರಲಿಲ್ಲ.

ಮುದುಕ ಉಸಿರು ಬಿಗಿಹಿಡಿದು ಕೂತ. ಕೂಸು ಅವನ ಬೆರಳು ಹಿಡಿದು ನಿದ್ದೆ ಹೋಯಿತು.

ಹಿಮಗಾವಲಿನ ಮನೆಗಳು ಮತ್ತೆ ಹಿತವಾಗಿ ಬೆಚ್ಚಗಾದವು. ಗಡಿಗೆ ಹೋದವರು ಮರಳಿದರು, ಎಲ್ಲರೂ ಹೊಟ್ಟೆ ತುಂಬ ಉಂಡು ಕಣ್ತುಂಬ ನಿದ್ದೆ ಮಾಡಿ ನೂರು ಕಾಲ ಬಾಳಿದರು. ಆದರೆ ಆ ದಿನ ಸಂಕವ್ವ ಗಂಜಿ ತಂದಾಗ ಕಂಡದ್ದು ಇಷ್ಟು: ಮುದುಕ ಕೂಸು ಏಳದಂತೆ ಒಂದೇ ಕೈಯಿಂದ, ಮೈಗೆ ಕಾವು ಬಂದು, ಹೊದ್ದಿದ್ದ ಕಂಬಳಿಯನ್ನು ಮೆಲ್ಲಗೆ ಹೆಗಲಿಂದ ಸರಿಸುತ್ತಿದ್ದ.